ಬರೆಸದ ದೂರು ಲೆಕ್ಕಕ್ಕಿಲ್ಲ



ಈ ದಿನ ನಾವು ನಮ್ಮ ವೈಯಾಲಿಕಾವಲ್ ಬಗ್ಗೆ ಮಾತಾಡೋಣ. ವೈಯಾಳಿ ಅಂದರೆ ಕುದುರೆ ಸವಾರಿ. ಕಾವಲ್ ಅಂದರೆ ಹುಲ್ಲುಗಾವಲು. ಈಗ ಇಲ್ಲಿ ಕುದುರೆಯೂ ಇಲ್ಲ, ಹುಲ್ಲೂ ಇಲ್ಲ. ಮನೆಗೆ ಮನೆ ಅಂಟಿಕೊಂಡಿದೆ. ಮಹಡಿಯ ಮೇಲೆ ಮಹಡಿ, ಅದರ ಮೇಲೊಂದು ಬಾಡಿಗೆ ಕೋಣೆ. ಈಗ ಕಾವಲು ಅಂದರೆ ನಮಗೆ ಬೇರೆ ಯೋಚನೆ ಬರುತ್ತದೆ. ನಮ್ಮನ್ನು ಕಾಯುವವರು ಯಾರು?

2024ರ ಸೆಪ್ಟೆಂಬರ್ ಆದ ಮೇಲೆ ಈ ಯೋಚನೆ ಹೆಚ್ಚಾಯಿತು. ಆ ತಿಂಗಳ 21ರಂದು ಇಲ್ಲಿನ ಒಂದು ಬಾಡಿಗೆ ಮನೆಯಲ್ಲಿ 29 ವರ್ಷದ ಹೆಣ್ಣುಮಗಳ ಶವ ಸಿಕ್ಕಿತು. ಶವವನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದರು. ದೇಶದ ಪತ್ರಿಕೆಗಳಲ್ಲೆಲ್ಲ ನಮ್ಮ ಬಡಾವಣೆಯ ಹೆಸರು ಬಂತು. ಶವ ಹೇಗಿತ್ತು ಅನ್ನೋದನ್ನೇ ಟಿ.ವಿ.ಯವರು ಹತ್ತು ಸಲ ಹೇಳಿದರು. ನಾವು ಅದನ್ನು ಬಿಡೋಣ. ಆ ತಾಯಿಯ ಹೊಟ್ಟೆಯ ಸಂಕಟ ನಮಗೆ ಸಾಕು.

ನಾವು ನೋಡಬೇಕಾದದ್ದು ಬೇರೆ ಇದೆ. ಪೊಲೀಸರ ಪ್ರಕಾರ ಕೊಂದವನು ಕತ್ತಲಲ್ಲಿ ಗೋಡೆ ಹಾರಿ ಬಂದ ಕಳ್ಳನಲ್ಲ. ಅವಳ ಜೊತೆ ಒಂದೇ ಕಡೆ ಕೆಲಸ ಮಾಡುತ್ತಿದ್ದವನು. ಅವನೂ ಕೆಲವೇ ದಿನದಲ್ಲಿ ಒಡಿಶಾದಲ್ಲಿ ಸತ್ತ. ಕೋರ್ಟಿನಲ್ಲಿ ಅವನ ವಿಚಾರಣೆ ಆಗಲೇ ಇಲ್ಲ. ಇನ್ನೊಂದು ಮಾತು. ಅವಳು ಸತ್ತು ಎರಡು ವಾರಕ್ಕೂ ಹೆಚ್ಚು ದಿನ ಆದ ಮೇಲೆ ವಿಷಯ ಹೊರಗೆ ಬಂತು. ಅದೂ ಕೆಟ್ಟ ವಾಸನೆ ಬಂದದ್ದರಿಂದ. ಅಕ್ಕಪಕ್ಕದವರನ್ನು ದೂರುವುದು ಸುಲಭ. ಆದರೆ ಒಂಟಿಯಾಗಿರೋ ಹುಡುಗಿ ಕಾಣದಿದ್ದರೆ ಊರಿಗೆ ಹೋಗಿರಬೇಕು ಅಂತ ನಾವೂ ಅಂದುಕೊಳ್ಳುತ್ತೇವೆ.

ಒಬ್ಬರು ಕಾಣೆಯಾದರೆ "ಒಂದು ದಿನ ಕಾಯಿರಿ, ಆಮೇಲೆ ದೂರು ಕೊಡಿ" ಅಂತ ಜನ ಹೇಳುತ್ತಾರೆ. ಹಾಗೆ ಕಾಯಬೇಕು ಅಂತ ಯಾವ ಕಾನೂನೂ ಇಲ್ಲ. ಆ ಗಳಿಗೆಯಲ್ಲೇ ಠಾಣೆಗೆ ಹೋಗಬಹುದು.

ಈಗ ನೀವು ಪತ್ರಿಕೆ ಓದಲು ಕಲಿತಿದ್ದೀರಿ. ಅದರಲ್ಲಿ "ಅಪರಾಧ ದರ" ಅನ್ನೋ ಮಾತು ಬರುತ್ತದೆ. ಏನದು? ಒಂದು ಲಕ್ಷ ಜನರಿಗೆ ವರ್ಷಕ್ಕೆ ಎಷ್ಟು ಅಪರಾಧ ಅನ್ನೋ ಲೆಕ್ಕ. ದೆಹಲಿಯಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅಂತ ಒಂದು ಕಚೇರಿ ಇದೆ. 1986ರಲ್ಲಿ ಆರಂಭವಾಯಿತು. ದೇಶದ ಲೆಕ್ಕವನ್ನೆಲ್ಲ ಅದು ಕೂಡಿಸುತ್ತದೆ. ಆದರೆ ಯಾವುದನ್ನು ಕೂಡಿಸುತ್ತದೆ? ಠಾಣೆಯಲ್ಲಿ ಬರೆದದ್ದನ್ನು ಮಾತ್ರ. ಬರೆಯದ್ದು ಅಲ್ಲಿಗೆ ಹೋಗೋದೇ ಇಲ್ಲ.

ಒಂದು ಉದಾಹರಣೆ ನೋಡಿ. ವೈಕುಂಠ ಏಕಾದಶಿ ದಿನ ಇಲ್ಲಿನ ತಿರುಪತಿ ದೇವಸ್ಥಾನದವರ ಗುಡಿಯಲ್ಲಿ ಎಷ್ಟು ಜನ ಸೇರುತ್ತಾರೆ, ನಿಮಗೆ ಗೊತ್ತು. ಅಂಥ ನೂಕುನುಗ್ಗಲಿನಲ್ಲಿ ಒಬ್ಬ ಅಕ್ಕನ ಸರ ಯಾರೋ ಕಿತ್ತುಕೊಂಡರು ಅಂತ ಇಟ್ಟುಕೊಳ್ಳಿ. ಅವಳು ಠಾಣೆಗೆ ಹೋದಳು. ಕಾಗದದಲ್ಲಿ "ಸರ ಕಳೆದುಹೋಗಿದೆ" ಅಂತ ಬರೆದರು. ಅವಳು ಓದದೆ ಹೆಬ್ಬೆಟ್ಟು ಒತ್ತಿದಳು. ಆಯಿತು! ಕಳೆದುಹೋದದ್ದು ಅಪರಾಧ ಅಲ್ಲ. ಆ ಕಳ್ಳನನ್ನು ಹುಡುಕುವ ಕೆಲಸವೂ ಇಲ್ಲ. ಲೆಕ್ಕದಲ್ಲಿ ನಮ್ಮ ಬಡಾವಣೆ ತಣ್ಣಗಿದೆ. "ಕಿತ್ತುಕೊಂಡು ಓಡಿದರು" ಅಂತ ಬರೆದಿದ್ದರೆ? 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಳ್ಳುವುದಕ್ಕೇ ಬೇರೆ ಕಲಮು ಇದೆ, 304ನೆಯದು. ಮೂರು ವರ್ಷದವರೆಗೆ ಜೈಲು, ದಂಡವೂ ಉಂಟು. ಒಂದೇ ಒಂದು ಪದದಲ್ಲಿ ಇಷ್ಟು ವ್ಯತ್ಯಾಸ.

ಹಾಗಾಗಿ ಅಪರಾಧ ದರ ಕಡಿಮೆ ಅಂದ ಕೂಡಲೆ ನಾವು ಹಿಗ್ಗಬಾರದು. ಜಾಸ್ತಿ ಅಂದ ಕೂಡಲೆ ನಡುಗಲೂಬಾರದು. ಗಂಡನ ಹೊಡೆತವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದವರು ಬಾಯಿ ಬಿಟ್ಟರೆ ಲೆಕ್ಕ ಏರುತ್ತದೆ. ಅದು ಕೆಟ್ಟ ಸುದ್ದಿ ಅಂತ ನಮಗೆ ಅನ್ನಿಸುವುದಿಲ್ಲ.

ಠಾಣೆಗೆ ಹೋದಾಗ ಏನು ಮಾಡಬೇಕು? ನೀವು ಬರೆದುಕೊಂಡೂ ಹೋಗಬಹುದು, ಬಾಯಲ್ಲೂ ಹೇಳಬಹುದು. ಬಾಯಲ್ಲಿ ಹೇಳಿದರೆ ಅವರು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಅವರು ಓದಿದ ಮೇಲೂ ಕಾಗದ ಕೈಗೆ ತೆಗೆದುಕೊಳ್ಳಿ. ಬೆರಳಿಟ್ಟು ನೀವೇ ಓದಿ. ನಿಧಾನ ಆದರೆ ಆಗಲಿ, ನಾಚಿಕೆ ಯಾಕೆ? ಆಮೇಲೆ ರುಜು ಹಾಕಿ. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಕೇಳಿ ಪಡೆಯಿರಿ.

"ಇದು ನಮ್ಮ ಠಾಣೆಗೆ ಸೇರಿದ ಜಾಗ ಅಲ್ಲ, ಆ ಕಡೆ ಹೋಗಿ" ಅಂತ ಕೆಲವು ಸಲ ಹೇಳುತ್ತಾರೆ. ಈಗ ಹಾಗೆ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಇದಕ್ಕೆ ಜೀರೋ ಎಫ್‌ಐಆರ್ ಅಂತ ಹೆಸರು. ಕೊಲೆ, ಕಳ್ಳತನದಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ಬರೆಯಲೇಬೇಕು ಅಂತ ಸುಪ್ರೀಂ ಕೋರ್ಟು 2013ರ ನವೆಂಬರಿನಲ್ಲೇ ಹೇಳಿದೆ. ಆದರೂ ಬರೆಯದಿದ್ದರೆ ಡಿಸಿಪಿ ಸಾಹೇಬರಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟು ಇದೆ. ಅವಸರಕ್ಕೆ 112ಕ್ಕೆ ಫೋನ್ ಮಾಡಿ. ಫೋನಿನಲ್ಲಿ ಮೋಸ ಆಗಿ ಬ್ಯಾಂಕಿನ ದುಡ್ಡು ಹೋದರೆ 1930.

ನಿಮ್ಮಲ್ಲಿ ಎಷ್ಟೋ ಜನ ಸದಾಶಿವನಗರ, ಮಲ್ಲೇಶ್ವರದ ಮನೆಗಳಲ್ಲಿ ಕೆಲಸ ಮಾಡುತ್ತೀರಿ. ಆ ಮನೆಯಲ್ಲಿ ಒಡವೆ ಕಾಣದಿದ್ದರೆ ಮೊದಲು ಬೆರಳು ತೋರಿಸೋದು ಯಾರ ಕಡೆಗೆ? ನಿಮ್ಮ ಕಡೆಗೇ. ಅದಕ್ಕೇ ಇದನ್ನು ನೆನಪಿಡಿ. ಸಾಕ್ಷಿಯಾಗಿ ವಿಚಾರಿಸಬೇಕಾದರೆ ಹೆಂಗಸನ್ನು ಅವಳು ವಾಸ ಮಾಡುವ ಮನೆಯಲ್ಲೇ ವಿಚಾರಿಸಬೇಕು. ಬಲವಂತವಾಗಿ ಠಾಣೆಗೆ ಕರೆಸುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ವಿಶೇಷ ಸಂದರ್ಭ ಆದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅಪ್ಪಣೆ ಮೊದಲೇ ಪಡೆದಿರಬೇಕು. ಮೈ ತಪಾಸಣೆ ಹೆಂಗಸೇ ಮಾಡಬೇಕು, ಮರ್ಯಾದೆಯಿಂದ. ಅಪ್ಪಣೆ ಇದೆ ಅಂದರೆ ಕಾಗದ ತೋರಿಸಿ ಅನ್ನಿ. ಓದೋಕೆ ನಿಮಗೆ ಬರುತ್ತದಲ್ಲ.

ಮುಂದಿನ ಪಾಠಕ್ಕೆ ಬರುವಾಗ ಒಂದೊಂದು ಬಿಳಿ ಹಾಳೆ ತನ್ನಿ. ದೂರು ಬರೆದು ನೋಡೋಣ. ಏನಾಯಿತು, ಯಾವ ದಿನ, ಎಷ್ಟು ಗಂಟೆಗೆ, ಯಾವ ಬೀದಿಯಲ್ಲಿ, ಯಾರು ನೋಡಿದರು, ಇಷ್ಟು ಬಂದರೆ ಸಾಕು. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳೋಣ. ಕೆಳಗೆ ನಿಮ್ಮ ಹೆಸರು ಪೂರ್ತಿ ಬರೆಯಿರಿ.