ದಕ್ಷಿಣ ಬೆಂಗಳೂರಿನ ಪ್ರತಿನಿಧಿಯೂ ಠೇವಣಿದಾರರ ಹಣವೂ

(ಜಯನಗರದ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಲೋಕಸಭಾ ಸದಸ್ಯರಾದ ಶ್ರೀ ತೇಜಸ್ವಿ ಸೂರ್ಯರವರು ದಿಲ್ಲಿಯಲ್ಲಿ ಏನು ಮಾಡಿದರು, ಕ್ಷೇತ್ರದಲ್ಲಿ ಏನು ಮಾಡಿದರು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ತಮ್ಮಿಂದ ಅಪ್ಪಣೆಯಾಗಿದೆ. ಹೊಗಳುವುದಕ್ಕೆ ಭಟ್ಟಂಗಿಗಳು ಬೇಕಾದಷ್ಟಿದ್ದಾರೆ. ತೆಗಳುವುದಕ್ಕೂ ಜನರ ಅಭಾವವಿಲ್ಲ. ನಾವು ಆ ಎರಡು ಕೆಲಸಗಳನ್ನೂ ಅವರವರಿಗೇ ಬಿಟ್ಟು, ಮುಖ್ಯವಾಗಿ ಒಂದು ಸಂಗತಿಯನ್ನು ಹಿಡಿದು ಅದರ ಬುಡದಿಂದ ತುದಿಯವರೆಗೆ ನೋಡೋಣವೆಂದು ಬಂದಿರುತ್ತೇವೆ. ಅದು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಸಂಗತಿ.

ಮೊದಲು ಕ್ಷೇತ್ರದ ಪರಂಪರೆಯನ್ನು ನೆನೆಯುವುದು ಯೋಗ್ಯ. 1977ರಲ್ಲಿ ಈ ಕ್ಷೇತ್ರವು ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರನ್ನು ಆರಿಸಿ ಕಳುಹಿಸಿತು. 1973ರಲ್ಲಿ ತಮಗಿಂತ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ಸರ್ವೋಚ್ಚ ನ್ಯಾಯಾಲಯದ ಪದವಿಯನ್ನೇ ತೊರೆದು ಬಂದ ಮಹನೀಯರವರು. ಗೆದ್ದ ವರ್ಷದಲ್ಲಿಯೇ ಲೋಕಸಭೆಯ ಅಧ್ಯಕ್ಷ ಪೀಠವನ್ನೇರಿದರು. 1991ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದ ವೆಂಕಟಗಿರಿ ಗೌಡರು ಇಲ್ಲಿಂದ ಹೋದರು. 1996ರಿಂದ 2018ರಲ್ಲಿ ಕಾಲವಾಗುವವರೆಗೆ ಅನಂತಕುಮಾರರು ಒಂದೇ ಸಮನೆ ಆರು ಸಲ ಗೆದ್ದರು. ಅವರ ತರುವಾಯ 2019ರಲ್ಲಿಯೂ 2024ರಲ್ಲಿಯೂ ಈಗಿನ ಸದಸ್ಯರು ಆರಿಸಿ ಬಂದರು. ಎರಡನೆಯ ಸಲದ ಅಂತರ 2,77,083 ಮತಗಳು. ಇಂಥ ಪೀಠದಲ್ಲಿ ಕುಳಿತವರನ್ನು ಅಳೆಯುವ ಕೋಲು ಸ್ವಲ್ಪ ಉದ್ದವಾಗಿಯೇ ಇರಬೇಕಲ್ಲವೇ?

ಈಗ ಬ್ಯಾಂಕಿನ ವಿಷಯ. ಸಹಕಾರವು ಕನ್ನಡ ನಾಡಿಗೆ ಹೊರಗಿನಿಂದ ಬಂದ ಅಲಂಕಾರವಲ್ಲ. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಪತ್ತಿನ ಸಂಘವನ್ನು ಕಟ್ಟಿದುದನ್ನು ಇಡೀ ಹಿಂದೂಸ್ಥಾನವು ಮೊದಲನೆಯದೆಂದು ಸ್ಮರಿಸುತ್ತದೆ. ನೆರೆಹೊರೆಯವರ ನಂಬಿಕೆಯೇ ಅದರ ಬಂಡವಾಳ. ಬಸವನಗುಡಿ, ಹನುಮಂತನಗರ, ಬನಶಂಕರಿ, ಜಯನಗರಗಳ ನಿವೃತ್ತರು ಸಹಕಾರ ಬ್ಯಾಂಕುಗಳಲ್ಲಿ ಹಣವಿಟ್ಟುದು ಹೆಚ್ಚಿನ ಬಡ್ಡಿಯ ಆಸೆಯಿಂದ ಮಾತ್ರವೆಂದು ಕೆಲವರು ಹಂಗಿಸುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಗುರುತಿನ ಮುಖಗಳು, ಮನೆಗೆ ಹತ್ತಿರದ ಬಾಗಿಲು, ಕನ್ನಡದಲ್ಲಿಯೇ ಮಾತನಾಡಿಸುವ ಗುಮಾಸ್ತರು, ಇವು ಉಳಿದರ್ಧ.

2020ರ ಜನವರಿ 10ರಂದು ವ್ಯವಹಾರ ಮುಗಿದ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧವು ಈ ಬ್ಯಾಂಕಿನ ಮೇಲೆ ಬಿತ್ತು. ಒಬ್ಬ ಠೇವಣಿದಾರನು 35,000 ರೂಪಾಯಿಗಳಿಗಿಂತ ಹೆಚ್ಚಿಗೆ ತೆಗೆಯಕೂಡದೆಂದು ಆಜ್ಞೆಯಾಯಿತು. ಮಗಳ ಮದುವೆ, ಆಸ್ಪತ್ರೆಯ ಖರ್ಚು, ತಿಂಗಳ ಅಕ್ಕಿಬೇಳೆ, ಎಲ್ಲಕ್ಕೂ ಅದೇ 35,000. ಕಂಗಾಲಾದ ಜನರಿಗೆ ಆಗ ಸದಸ್ಯರು, ಹಣಕಾಸಿನ ಮಂತ್ರಿಣಿಯವರಿಗೆ ವಿಷಯವು ತಿಳಿದಿದೆ, ಗಾಬರಿಪಡಬೇಡಿರಿ ಎಂದು ಅಭಯವಿತ್ತರು. ಅಭಯವನ್ನೀಯುವುದು ಸುಲಭ; ಅದರ ಬೆನ್ನಿಗೆ ಶಾಸನದ ಬಲವಿದೆಯೇ ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು.

ಶಾಸನವು ಆಗ ಹೇಗಿತ್ತೆಂಬುದನ್ನು ತಾವು ಲಕ್ಷ್ಯಕ್ಕೆ ತಂದುಕೊಳ್ಳಬೇಕು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕೂ ಲಕ್ಷ್ಮೀ ಬ್ಯಾಂಕೂ ಮುಳುಗಿದ ಮೇಲೆ 1962ರಲ್ಲಿ ಠೇವಣಿಗಳಿಗೆ ವಿಮೆಯ ಏರ್ಪಾಡಾಯಿತು. ಮೊದಲಿಗೆ ಅದರ ಮಿತಿ 1,500 ರೂಪಾಯಿ. ಹಂತಹಂತವಾಗಿ ಏರಿ 1993ರಲ್ಲಿ ಒಂದು ಲಕ್ಷಕ್ಕೆ ಬಂದು ಅಲ್ಲಿಯೇ ನಿಂತುಬಿಟ್ಟಿತು. ಇಪ್ಪತ್ತೇಳು ವರ್ಷ! ಅಷ್ಟರಲ್ಲಿ ನಮ್ಮ ನಿವೇಶನಗಳ ಬೆಲೆ ಎಲ್ಲಿಂದೆಲ್ಲಿಗೆ ಹೋಯಿತೆಂಬುದನ್ನು ಜಯನಗರದವರಿಗೆ ನಾವು ಹೇಳಬೇಕಾಗಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಕ್ರೂರವಾದುದು. ಬ್ಯಾಂಕು ಪೂರ್ತಿ ಮುಚ್ಚಿ ಸಮಾಪನೆಯಾದರೆ ಮಾತ್ರ ವಿಮೆಯ ಹಣವು ದೊರೆಯುತ್ತಿತ್ತು. ಬರಿಯ ನಿರ್ಬಂಧದಲ್ಲಿರುವ ಬ್ಯಾಂಕು ಸತ್ತದ್ದೂ ಅಲ್ಲ, ಬದುಕಿದ್ದೂ ಅಲ್ಲ. ಅದರ ಠೇವಣಿದಾರನು ತ್ರಿಶಂಕುವಿನಂತೆ ವರ್ಷಗಟ್ಟಲೆ ತೂಗಾಡಬೇಕಾಗುತ್ತಿತ್ತು.

2020ರ ಫೆಬ್ರವರಿಯಲ್ಲಿ ವಿಮೆಯ ಮಿತಿಯು 5 ಲಕ್ಷಕ್ಕೇರಿತು. ಅದೇ ವರ್ಷ ಸಹಕಾರ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿಗಿದ್ದ ಅಧಿಕಾರವನ್ನು ಬಲಪಡಿಸುವ ತಿದ್ದುಪಡಿಯಾಯಿತು. 2021ರಲ್ಲಿ ಸಂಸತ್ತು ವಿಮಾ ಶಾಸನವನ್ನೇ ತಿದ್ದಿ, ನಿರ್ಬಂಧ ಬಿದ್ದ ಬ್ಯಾಂಕಿನವರು 45 ದಿನಗಳೊಳಗೆ ಠೇವಣಿದಾರರ ಪಟ್ಟಿಯನ್ನು ಕೊಡತಕ್ಕದ್ದು, ವಿಮಾ ನಿಗಮವು 30 ದಿನಗಳಲ್ಲಿ ಅದನ್ನು ಪರಿಶೀಲಿಸತಕ್ಕದ್ದು, ಮುಂದಿನ 15 ದಿನಗಳಲ್ಲಿ ಹಣ ಸಲ್ಲಿಸತಕ್ಕದ್ದು ಎಂದು ಕಟ್ಟುಮಾಡಿತು. ಒಟ್ಟು 90 ದಿನ. ಆ ವರ್ಷದ ಸೆಪ್ಟೆಂಬರ್ 1ರಿಂದ ಇದು ಜಾರಿಗೆ ಬಂದು, ಬಸವನಗುಡಿಯ ಸಾವಿರಾರು ಸಣ್ಣ ಠೇವಣಿದಾರರಿಗೆ ಹಣ ಸೇರಿತು.

ಇದೆಲ್ಲವೂ ಒಬ್ಬರ ಪ್ರತಾಪವೇ? ಅಲ್ಲ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರ ಬ್ಯಾಂಕು ಬಿದ್ದಾಗಲೇ ದೇಶದಲ್ಲೆಲ್ಲ ಕೂಗೆದ್ದಿತ್ತು. ಅಲ್ಲಿ ಮೊದಲಿಗೆ ತೆಗೆಯಲು ಬಿಟ್ಟಿದ್ದು 1,000 ರೂಪಾಯಿ ಮಾತ್ರ. ಆದರೆ ನಮ್ಮ ಸದಸ್ಯರು ಕ್ಷೇತ್ರದ ಸಂಕಟವನ್ನು ಲೋಕಸಭೆಯಲ್ಲಿಯೂ ಮಂತ್ರಿಗಳ ಬಳಿಯಲ್ಲಿಯೂ ಹೇಳಿದರೆಂಬುದು ನಿಜ, ಹೇಳಿದ್ದು ತಕ್ಕ ಕಾಲದಲ್ಲಿ ಎಂಬುದೂ ನಿಜ. ಅಷ್ಟು ಯಶಸ್ಸನ್ನು ಅವರಿಗೆ ಸಲ್ಲಿಸದಿರುವುದು ಅನ್ಯಾಯವಾದೀತು.

ಇನ್ನು ಉಳಿದುದು. ವಿಮೆಯ 5 ಲಕ್ಷದಲ್ಲಿ ಅಸಲೂ ಬಡ್ಡಿಯೂ ಸೇರಿಯೇ ಇರುತ್ತದೆ. ನಾಲ್ಕು ಶಾಖೆಗಳಲ್ಲಿ ಹಂಚಿಟ್ಟರೂ ಒಬ್ಬನ ಹೆಸರಿನ ಲೆಕ್ಕ ಒಂದೇ. ಮೂವತ್ತು ವರ್ಷ ಪಾಠ ಹೇಳಿದ ಉಪಾಧ್ಯಾಯರೊಬ್ಬರು ನಿವೃತ್ತಿಯ ಹಣ 20 ಲಕ್ಷವನ್ನು ಇಟ್ಟಿದ್ದರೆಂದು ಭಾವಿಸಿರಿ. 5 ಲಕ್ಷ ಬಂತು. 15 ಲಕ್ಷವು ದೊಡ್ಡ ಸಾಲಗಾರರಿಂದ ವಸೂಲಾಗುವ ಹಣವನ್ನು ಕಾಯುತ್ತ ಕೂತಿತು. ನಿರ್ಬಂಧದ ಅವಧಿಯನ್ನು ಮತ್ತೆ ಮತ್ತೆ ಮುಂದುವರಿಸುತ್ತ ಹೋದಂತೆ ಕಾಯುವವರ ವಯಸ್ಸೂ ಮುಂದುವರಿಯಿತು. 2024ರ ಏಪ್ರಿಲಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಠೇವಣಿದಾರರ ಸಭೆಯೊಂದರಲ್ಲಿ ಸದಸ್ಯರನ್ನು ಪ್ರಶ್ನಿಸಿ ಗದ್ದಲವಾದುದು ಪತ್ರಿಕೆಗಳಲ್ಲಿ ಬಂದಿತು. ಅದನ್ನು ಎದುರಾಳಿಗಳ ಹೂಟವೆಂದು ಒಂದು ಪಕ್ಷದವರೂ, ಮಹಾ ಜನಾಕ್ರೋಶವೆಂದು ಇನ್ನೊಂದು ಪಕ್ಷದವರೂ ಬಣ್ಣಿಸಿದರೆ ಬಣ್ಣಿಸಲಿ. 15 ಲಕ್ಷ ಎಲ್ಲಿ ಎಂದು ಕೇಳುವ ಮುದುಕರಿಗೆ ಪಕ್ಷ ಯಾವುದು, ಸ್ವಾಮಿ?

ಇಲ್ಲಿಯೇ ಇನ್ನೊಂದು ಅಪಾಯವನ್ನು ಹೇಳಿಬಿಡುತ್ತೇವೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಈ ವಿಮೆಯು ಇಲ್ಲವೇ ಇಲ್ಲ. ಬ್ಯಾಂಕಿನ ವಿಷಯವು ಸಂವಿಧಾನದಲ್ಲಿ ಕೇಂದ್ರದ ಪಟ್ಟಿಯಲ್ಲಿದೆ, ಸಹಕಾರ ಸಂಘವು ರಾಜ್ಯದ ಪಟ್ಟಿಯಲ್ಲಿ. ದಿಲ್ಲಿಯವರು ವಿಧಾನಸೌಧದ ಕಡೆಗೆ ಬೆರಳು ತೋರಿಸುತ್ತಾರೆ, ವಿಧಾನಸೌಧದವರು ನಿಬಂಧಕರ ಕಡೆಗೆ. ಫಲಕದ ಮೇಲೆ ಬ್ಯಾಂಕೆಂದಿದೆಯೋ ಸಂಘವೆಂದಿದೆಯೋ ನೋಡದೆ ಹಣವಿಡುವವರು ನಮ್ಮಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ.

ಬೇರೆ ಕಾರ್ಯಗಳನ್ನು ಬೇಗನೆ ಹೇಳಿ ಮುಗಿಸುತ್ತೇವೆ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರಿನ ಹಳದಿ ಮೆಟ್ರೋ ಮಾರ್ಗವು 16 ನಿಲ್ದಾಣಗಳೊಡನೆ 2025ರ ಆಗಸ್ಟ್ 10ರಂದು ತೆರೆಯಿತು. ಅದು ಗಾಡಿಗಳಿಲ್ಲದೆ ತಡವಾದಾಗ ಸದಸ್ಯರು ಬೀದಿಗಿಳಿದು ಪ್ರತಿಭಟಿಸಿದರು. ಮೆಟ್ರೋ ಸಂಸ್ಥೆಯಲ್ಲಿ ಕೇಂದ್ರ ಸರ್ಕಾರದ್ದೂ ಸಮಪಾಲಿದೆಯಾದ್ದರಿಂದ ಆ ಪ್ರತಿಭಟನೆಯ ಅರ್ಧ ಭಾಗವು ದಿಲ್ಲಿಯ ಕಡೆಗೂ ಮುಖಮಾಡಬೇಕಾಗಿತ್ತೆಂದು ನಮಗೆ ತೋರುತ್ತದೆ. ಅದೇ ವರ್ಷ ಲೋಕಸಭೆಯಲ್ಲಿ ಜನ ವಿಶ್ವಾಸ ವಿಧೇಯಕದ ಆಯ್ಕೆ ಸಮಿತಿಗೆ ಅವರು ಅಧ್ಯಕ್ಷರಾದರು. ಸಣ್ಣ ಪುಟ್ಟ ತಪ್ಪುಗಳಿಗೆ ಸೆರೆವಾಸ ಬೇಡವೆಂಬುದು ಅದರ ತಿರುಳು. ಸದಸ್ಯರ ಪ್ರದೇಶಾಭಿವೃದ್ಧಿ ನಿಧಿಯು ವರ್ಷಕ್ಕೆ 5 ಕೋಟಿ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಅರುವತ್ತೆರಡೂವರೆ ಲಕ್ಷ. ಇದರಿಂದ ಬಿ. ಟಿ. ಎಂ. ಬಡಾವಣೆಯ ಚರಂಡಿಗಳೆಲ್ಲ ನೆಟ್ಟಗಾಗುತ್ತವೆಂದು ಯಾರೂ ಎಣಿಸಬಾರದು. ಚರಂಡಿಯು ನಗರಪಾಲಿಕೆಯ ಬಾಬ್ತು. ಆದರೆ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗದೆ, 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆದುದಾಯಿತು. ಕೇಳುವವರಿಲ್ಲದ ಜನರು ಜೆ. ಪಿ. ನಗರದ ಗುಂಡಿಯನ್ನು ಮುಚ್ಚಿಸಿರೆಂದು ಸಂಸತ್ತಿನ ಸದಸ್ಯರ ಬಾಗಿಲಿಗೆ ಹೋದರೆ ಅವರನ್ನು ದೂರಿ ಫಲವೇನು?

ನಮ್ಮನ್ನು ನಾವೂ ಸ್ವಲ್ಪ ಕೇಳಿಕೊಳ್ಳಬೇಕಾಗಿದೆ. ವಿದ್ಯಾವಂತರ ತೌರೆಂದು ಹೇಳಿಕೊಳ್ಳುವ ಈ ಕ್ಷೇತ್ರದಲ್ಲಿ 2019ರಲ್ಲಿಯೂ 2024ರಲ್ಲಿಯೂ ಮತ ಹಾಕಿದವರು ನೂರಕ್ಕೆ 53ರ ಆಸುಪಾಸು. ಇದೇ ಜಯನಗರದ ವಿಧಾನಸಭಾ ಸ್ಥಾನವು 2023ರಲ್ಲಿ ಬರಿಯ 16 ಮತಗಳಿಂದ ತೀರ್ಮಾನವಾಯಿತು. ಒಂದು ವಠಾರದವರು ಎದ್ದು ಹೋಗಿದ್ದರೆ ಸಾಕಾಗಿತ್ತು.

ಆದಕಾರಣ ನಮ್ಮ ಸೂಚನೆಯಿಷ್ಟೇ. ವಿಮೆಯ ಮಿತಿಯು ಮತ್ತೆ ಇಪ್ಪತ್ತೇಳು ವರ್ಷ ನಿಲ್ಲದಂತೆ ಬೆಲೆಗಳೊಡನೆ ಏರುವ ನಿಯಮವನ್ನು ಮಾಡಬೇಕೆಂದೂ, 5 ಲಕ್ಷದ ಮೇಲ್ಪಟ್ಟ ಹಣಕ್ಕಾಗಿ ಸಾಲವಸೂಲಿಯು ಎಲ್ಲಿಗೆ ಬಂದಿದೆಯೆಂಬುದನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕೆಂದೂ ಬರುವ ಅಧಿವೇಶನದಲ್ಲಿ ಪ್ರಶ್ನೆ ಎತ್ತುವಂತೆ ಸದಸ್ಯರಿಗೆ ಒಂದು ಬಿನ್ನವತ್ತಳೆಯನ್ನು ಸಿದ್ಧಪಡಿಸಿದ್ದೇವೆ. ಪತ್ತಿನ ಸಂಘಗಳ ವಿಷಯವಾಗಿ ಬೇರೊಂದು ಪತ್ರವು ರಾಜ್ಯದ ಸಹಕಾರ ಮಂತ್ರಿಗಳಿಗೆ ಹೋಗತಕ್ಕದ್ದು. ಎರಡೂ ಬಾಗಿಲ ಬಳಿಯ ಮೇಜಿನ ಮೇಲಿವೆ. ಓದಿ, ಒಪ್ಪಿಗೆಯಾದವರು ರುಜು ಹಾಕಬೇಕು; ಒಪ್ಪಿಗೆಯಾಗದವರು ಆ ಹಾಳೆಯ ಅಂಚಿನಲ್ಲಿಯೇ ತಮ್ಮ ಆಕ್ಷೇಪವನ್ನು ಬರೆಯಬೇಕು. ಅದನ್ನೂ ಕಳುಹಿಸಿಕೊಡುತ್ತೇವೆ.