ಕೊಳಕ್ಕಿಳಿಯುವ ಮೊದಲು

ಹಲಗೇರಿ ಸೀಮೆಯ ಹಿರಿಯರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವರು. ಬುರುಡೆ ಬಿಚ್ಚಿದ ದಿನ ಕೈಕಾಲಿಗಿಂತ ಮೊದಲು ನಡುಗುತ್ತಿದ್ದುದು ಎದೆ!

ಸ್ಪರ್ಧೆಯ ಕೊಳದಲ್ಲೂ ಅಂಜಿಕೆ ಬಿಟ್ಟದ್ದಲ್ಲ. ಬೆಂಗಳೂರಿನ ನಿಶಾ ಮಿಲೆಟ್ ಚಿಕ್ಕಂದಿನಲ್ಲಿ ನೀರುಪಾಲಾಗುವುದರಿಂದ ಸ್ವಲ್ಪದರಲ್ಲೇ ಪಾರಾಗಿದ್ದರು. ಅವರೇ 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದರು. ಹೆದರಿಕೆಯೇ ಇಲ್ಲದವರು ಗೆಲ್ಲುತ್ತಾರೆ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ.

ಅಮೆರಿಕದ ಮೈಕೆಲ್ ಫೆಲ್ಪ್ಸ್ ಕಥೆ ಕೇಳಿ. 2008ರ ಬೀಜಿಂಗ್, 200 ಮೀಟರ್ ಬಟರ್‌ಫ್ಲೈ. ಕನ್ನಡಕದೊಳಗೆ ನೀರು ತುಂಬಿ ಕಣ್ಣು ಕಾಣದಾಯಿತು. ಆತ ಗಾಬರಿಯಾಗಲಿಲ್ಲ, ಕೈ ಬೀಸುಗಳನ್ನು ಎಣಿಸುತ್ತ ದಡ ಮುಟ್ಟಿದ. ಚಿನ್ನ, ಜೊತೆಗೆ ವಿಶ್ವದಾಖಲೆ. ಎಡವಟ್ಟುಗಳೂ ಸೇರಿದಂತೆ ಇಡೀ ಸ್ಪರ್ಧೆಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಈಜಿ ನೋಡುವುದು ಆತನ ರೂಢಿಯಾಗಿತ್ತು. ಇದಕ್ಕೆ ಖರ್ಚಿಲ್ಲ, ಕೊಳವೂ ಬೇಡ.

ಆದರೆ ಅದೇ ಫೆಲ್ಪ್ಸ್, ಒಲಿಂಪಿಕ್ಸ್ ಮುಗಿದ ಮೇಲೆ ಖಿನ್ನತೆಗೆ ಜಾರುತ್ತಿದ್ದುದನ್ನು, ಒಮ್ಮೆ ಬದುಕೇ ಬೇಡವೆನಿಸಿದ್ದನ್ನು ಮುಂದೆ ಎಲ್ಲರೆದುರು ಹೇಳಿಕೊಂಡ. ಗೆಲ್ಲುವ ಅಭ್ಯಾಸ ಬೇರೆ, ನೆಮ್ಮದಿ ಬೇರೆ. ನಮ್ಮ ತರಬೇತುದಾರರು ಮೊದಲನೆಯದಕ್ಕೆ ಗಡಿಯಾರ ಹಿಡಿಯುತ್ತಾರೆ, ಎರಡನೆಯದನ್ನು ಯಾರೂ ಕೇಳುವುದಿಲ್ಲ.

2024ರ ಪ್ಯಾರಿಸ್‌ನಲ್ಲಿ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗುಗೆ ಆಗ 14 ವರ್ಷ. ಆ ವಯಸ್ಸಿನ ಮಗು ಸೋತು ಬಂದರೆ ಸೆಕೆಂಡಿನ ಲೆಕ್ಕ ನಾಳೆಗಿರಲಿ, ಮೊದಲು ಉಣ್ಣಲಿ, ಮಲಗಲಿ. ಮಂಕು ವಾರಗಟ್ಟಲೆ ಬಿಡದಿದ್ದರೆ 14416ಕ್ಕೆ ಕರೆಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.