ಎಳೆ ಜೋಳ ಮತ್ತು ದನದ ಯಕೃತ್ತು
(ಗ್ರಾಮಸೇವಕರು ರೈತರ ಕೂಟದಲ್ಲಿ ಮಾಡಿದ ಭಾಷಣ)



ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿವೆ. ಆದರೂ ನೀರು ತಲುಪದ ಎರೆಹೊಲಗಳಲ್ಲಿ ಜೋಳವೇ ನಮಗೆ ಅನ್ನ, ದನಕ್ಕೆ ಮೇವು. ಆ ಜೋಳವೇ ಒಮ್ಮೊಮ್ಮೆ ದನದ ಪ್ರಾಣ ತೆಗೆಯುತ್ತದೆ.

ಮಳೆ ಕೈಕೊಟ್ಟ ಒಂದು ವರ್ಷ, ಹಸಿದ ಎತ್ತೊಂದು ಬಾಡಿದ ಎಳೆ ಜೋಳಕ್ಕೆ ಬಾಯಿ ಹಾಕಿ, ಅರ್ಧ ಗಂಟೆಯೊಳಗೆ ಸತ್ತುದನ್ನು ನಾನೇ ಕಂಡೆನು. ಹಾವು ಕಡಿಯಿತೆಂದರು ಕೆಲವರು. ದೃಷ್ಟಿ ತಾಕಿತೆಂದರು ಹಲವರು. ಎರಡೂ ಅಲ್ಲ. ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತುವಿದೆ. ದನವು ಜಗಿದೊಡನೆ ಅದರಿಂದ ಸಯನೈಡ್ ವಿಷ ಹೊರಬೀಳುತ್ತದೆ.

ತಿಂದ ಮೇವನ್ನು ಪ್ರಾಣವಾಯುವಿನೊಡನೆ ಉರಿಸಿ ಶಕ್ತಿ ಪಡೆಯುವ ಸಣ್ಣ ಒಲೆಗಳು ಮೈಯ ಪ್ರತಿ ಜೀವಕೋಶದಲ್ಲಿವೆ. ಸಯನೈಡ್ ಆ ಒಲೆಯನ್ನೇ ಆರಿಸುತ್ತದೆ. ಕಟ್ಟಿಗೆಯೂ ಇದೆ, ಗಾಳಿಯೂ ಇದೆ, ಉರಿ ಮಾತ್ರ ಇಲ್ಲ. ದನ ಏದುಸಿರು ಬಿಡುತ್ತದೆ, ನಡುಗುತ್ತದೆ, ಬೀಳುತ್ತದೆ.

ಇದಕ್ಕೆ ಕಾವಲುಗಾರನೊಬ್ಬನಿದ್ದಾನೆ. ಯಕೃತ್ತಿನಲ್ಲಿರುವ ರೋಡನೀಸ್ ಎಂಬ ಕಿಣ್ವವೇ ಅವನು. ಕಿಣ್ವವೆಂದರೆ ತಾನು ಸವೆಯದೆ ಕೆಲಸ ನಡೆಸುವ ವಸ್ತು. 1933ರಲ್ಲಿ ಜರ್ಮನಿಯ ಕೋನ್ರಾಡ್ ಲಾಂಗ್ ಇದನ್ನು ಗುರುತಿಸಿದನು. ಇದು ಸಯನೈಡಿಗೆ ಗಂಧಕವನ್ನು ಕೂಡಿಸಿ ವಿಷವನ್ನು ಬಹಳ ಮಟ್ಟಿಗೆ ಮುರಿಯುತ್ತದೆ. ಹೀಗೆ ಮಾರ್ಪಟ್ಟದ್ದು ಮೂತ್ರದಲ್ಲಿ ಹೋಗುತ್ತದೆ. ವಿಷ ಸ್ವಲ್ಪಸ್ವಲ್ಪವಾಗಿ ಬಂದರೆ ಯಕೃತ್ತು ತಾಳಿಕೊಳ್ಳುತ್ತದೆ. ಹಸಿದ ದನ ಗಬಗಬನೆ ತಿಂದರೆ ವಿಷ ಒಮ್ಮೆಲೇ ನುಗ್ಗುತ್ತದೆ. ಆಗ ಗಂಧಕ ಸಾಲದು. ಪಶುವೈದ್ಯರು ರಕ್ತನಾಳಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಆ ಗಂಧಕವನ್ನೇ ಒದಗಿಸುತ್ತದೆ. ಆದುದರಿಂದ ಮಂತ್ರ ಹಾಕಿಸುತ್ತ ಹೊತ್ತು ಕಳೆಯದೆ ಕೂಡಲೇ ಪಶುವೈದ್ಯರನ್ನು ಕರೆಯಿರಿ. 1962 ಸಂಖ್ಯೆಗೆ ಫೋನು ಮಾಡಿದರೂ ಆದೀತು.

ಅದಕ್ಕಿಂತ ಮೊದಲು ಎಚ್ಚರಿಕೆ ಮೇಲು. ಹೂ ಬಿಡುವ ಮುಂಚೆ ಹಸಿ ಜೋಳ ಮೇಯಿಸಬೇಡಿರಿ. ಬರದಲ್ಲಿ ಕುಗ್ಗಿದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ, ಯೂರಿಯಾ ಹೆಚ್ಚು ಉಂಡ ಪೈರು ಇನ್ನೂ ಅಪಾಯಕರ. ಅರೆಬಾಡಿದ್ದನ್ನು ನಂಬಬೇಡಿರಿ, ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ವಿಷ ತಗ್ಗುತ್ತದೆ.

ಎತ್ತಿನ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ. ನಾಳೆ ಬೆಳಿಗ್ಗೆ ಹಗ್ಗ ಬಿಚ್ಚುವ ಮುನ್ನ ಗೋದಲಿಗೆ ಒಂದು ತೆಕ್ಕೆ ಒಣ ಕಣಿಕೆ ಹಾಕಿರಿ. ಹೊಟ್ಟೆ ತುಂಬಿದ ದನ ಬದುವಿನಾಚೆಯ ಎಳೆ ಜೋಳಕ್ಕೆ ಅಷ್ಟು ಬೇಗ ಬಾಯಿ ಹಾಕದು.